ಆಮೆ ಅಲ್ಲ, ಶಾರ್ಕು

ಊಟದ ಹೊತ್ತಿನಲ್ಲಿ ಮೀನಿನ ಮಾತು ಬೇಡ ಅಂತ ಹೇಳಬೇಕಾದ ಪ್ರಸಂಗ ನಮ್ಮ ಮನೆಯಲ್ಲಿ ಯಾವತ್ತೂ ಬಂದಿರಲಿಲ್ಲ. ಲಿಂಗ ಕಟ್ಟಿಕೊಂಡವರ ಮನೆ, ಮೊಟ್ಟೆ ಕೂಡ ಹೊಸಿಲು ದಾಟುವುದಿಲ್ಲ, ಮೀನಿನ ಮಾತು ಎಲ್ಲಿಂದ ಬರಬೇಕು? ಆದರೂ ಬಂತು. ಪಿ.ಜೆ. ಬಡಾವಣೆಯ ನಮ್ಮ ಮೇಲಿನ ಮನೆಗೆ ಮಿಸ್ಸು ಬಾಡಿಗೆಗೆ ಬಂದರು, ಅವರ ಹಿಂದೆಯೇ ಮೀನೂ ಬಂತು. ಹೇಳಿ ಹೇಳಿ ನನ್ನ ಬಾಯಿ ನೋಯಿತೇ ಹೊರತು ಅವರು ನಿಲ್ಲಿಸಲಿಲ್ಲ. ಹೋದ ತಿಂಗಳು ಅವರೇ ನಿಂತುಹೋದರು. ಈಗ ಯಾರ ಮೇಲೆ ರೇಗಬೇಕೋ ತಿಳಿಯದೆ ಇದನ್ನು ಬರೆಯುತ್ತಿದ್ದೇನೆ.

ಹರಿಹರದ ಒಂದು ಹೈಸ್ಕೂಲಿನಲ್ಲಿ ವಿಜ್ಞಾನ ಕಲಿಸುತ್ತಿದ್ದವರು. ಕೆಲಸ ಮಾಡಿದಷ್ಟು ಕಾಲ ಅಲ್ಲೇ ಇದ್ದು, ನಿವೃತ್ತಿ ಆದಮೇಲೆ ದಾವಣಗೆರೆಗೆ ಬಂದರು. ಮದುವೆ ಆಗಿರಲಿಲ್ಲ. ಯಾಕೆ ಅಂತ ನಾನು ಕೇಳಲಿಲ್ಲ. ಕೇಳಿದ್ದರೂ ಉತ್ತರ ಮೀನಿನ ಕಡೆಗೇ ತಿರುಗುತ್ತಿತ್ತು ಅನ್ನಿ. ಆಳು ನೋಡಿದರೆ ಒಂದು ಹಿಡಿ, ದನಿ ಕೇಳಿದರೆ ಕೊನೆಯ ಬೆಂಚಿನವರೂ ಎದ್ದು ಕೂರಬೇಕು. ಹಣೆಯ ಮೇಲೆ ವಿಭೂತಿ ಇರುತ್ತಿತ್ತು, ಆದರೆ ಓಡುವ ಬಸ್ಸಿನಲ್ಲಿ ಹಚ್ಚಿಕೊಂಡಂತೆ ಒಂದು ಕಡೆ ಮೇಲಕ್ಕೆ ಹೋಗಿರುತ್ತಿತ್ತು. ಮಾತು ಶುರು ಮಾಡುವ ಮುಂಚೆ ಎರಡೂ ಅಂಗೈ ತಟ್ಟಿಕೊಂಡು ಸೀಮೆಸುಣ್ಣದ ಪುಡಿ ಕೊಡವುತ್ತಿದ್ದರು. ಸೀಮೆಸುಣ್ಣ ಮುಟ್ಟಿ ಎಷ್ಟೋ ವರ್ಷ ಆಗಿತ್ತು, ಕೊಡವುವುದು ಮಾತ್ರ ಬಿಟ್ಟಿರಲಿಲ್ಲ. ಆ ತಟ್ಟುವ ಸದ್ದು ಮೆಟ್ಟಿಲ ಮೇಲೆ ಕೇಳಿದರೆ ಸಾಕು, ನಾನು ಒಲೆ ಸಣ್ಣ ಮಾಡುತ್ತಿದ್ದೆ.

ಇದೆಲ್ಲ ಶುರುವಾದದ್ದು ಒಂದು ಬೆಳಿಗ್ಗೆ. ನಾನು ಹಾಲಿಗೆ ಇಟ್ಟಿದ್ದೆ. ಮಿಸ್ಸು ಫೋನು ಹಿಡಿದುಕೊಂಡು ಕೆಳಗೆ ಬಂದರು. ಮುಖ ನೋಡಿದರೆ ಊರಲ್ಲಿ ಯಾರೋ ಹೋದ ಹಾಗಿತ್ತು.

"ತಂಗೀ, ನಾನು ಇಷ್ಟು ವರ್ಷ ತಪ್ಪು ಹೇಳಿಕೊಟ್ಟೀನಿ."

ಒಲೆ ಆರಿಸಿ, ಕುರ್ಚಿ ಎಳೆದು ಕೂರಿಸಿದೆ. ಏನು ತಪ್ಪು ಅಂದರೆ, ಬೆನ್ನೆಲುಬು ಇರುವ ಪ್ರಾಣಿಗಳಲ್ಲಿ ಎಲ್ಲಕ್ಕಿಂತ ಹೆಚ್ಚು ಕಾಲ ಬದುಕುವುದು ಆಮೆ ಅಂತ ಅವರು ಪ್ರತಿ ವರ್ಷದ ಮಕ್ಕಳಿಗೂ ಹೇಳಿದ್ದರಂತೆ. ಅದಲ್ಲವಂತೆ. ಉತ್ತರದ ಕಡೆ ಮಂಜುಗಡ್ಡೆಯ ಸಮುದ್ರದ ತಳದಲ್ಲಿ ಒಂದು ಜಾತಿ ಶಾರ್ಕ್ ಮೀನು ಇದೆಯಂತೆ. ಮುನ್ನೂರು, ನಾನೂರು ವರ್ಷ ಬದುಕುತ್ತದಂತೆ. ಆಮೆ ಅದರ ಮುಂದೆ ಮಗು.

ಇಷ್ಟೇನಾ ಅಂದೆ. ಅವತ್ತೇ ನಾನು ಸ್ವಲ್ಪ ಗಾಬರಿಯಾದ ಹಾಗೆ ನಟಿಸಿದ್ದರೆ ಒಳ್ಳೆಯದಿತ್ತು. ಇಷ್ಟೇನಾ ಅಂದದ್ದು ಅವರಿಗೆ ತಡೆಯಲಾಗಲಿಲ್ಲ. ಅದರ ಹಿಂದೆ ಎಷ್ಟು ಮಕ್ಕಳಿದ್ದಾರೆ, ಅವರೆಲ್ಲ ತಲೆಯಲ್ಲಿ ಆಮೆ ಇಟ್ಟುಕೊಂಡು ಎಲ್ಲೆಲ್ಲಿ ಓಡಾಡುತ್ತಿದ್ದಾರೆ ಅಂತ ಶುರು ಮಾಡಿದರು. ಒಲೆ ಆರಿಸಿದ್ದರಿಂದ ಹಾಲು ಉಕ್ಕಲಿಲ್ಲ, ಅವತ್ತಿನ ಮಟ್ಟಿಗೆ ಉಕ್ಕಡಗಾತ್ರಿ ಅಜ್ಜಯ್ಯ ತೋರಿದ ದಯೆ ಅಷ್ಟೇ.

ಅವತ್ತಿನಿಂದ ಅವರ ಹೊಸ ನೌಕರಿ ಶುರುವಾಯಿತು, ಹಳೆಯ ಮಕ್ಕಳನ್ನು ಹುಡುಕಿ ತಿದ್ದುವುದು. ದಾವಣಗೆರೆ, ಹರಿಹರ ಎರಡೂ ಊರಿನಲ್ಲಿ ಅವರ ಹತ್ತಿರ ಓದಿದವರು ಎಲ್ಲಿ ಬೇಕಾದರೂ ಸಿಗುತ್ತಿದ್ದರು. ಬ್ಯಾಂಕಿನ ಕೌಂಟರಿನಲ್ಲಿ ಒಬ್ಬ, ಆಟೋ ಸ್ಟ್ಯಾಂಡಿನಲ್ಲಿ ಒಬ್ಬ, ಸೀರೆ ಅಂಗಡಿಯಲ್ಲಿ ಒಬ್ಬಳು. ಇವರು ಮುಖ ನೋಡಿ, ಅಂಗೈ ಕೊಡವಿ, "ನೀನು ನನ್ನ ಕ್ಲಾಸಿನಾಗ ಇದ್ದಿಯಲ್ಲ? ಆಮೆ ಅಂತ ಹೇಳಿದ್ನಲ್ಲ, ಅದು ಆಮೆ ಅಲ್ಲ, ಶಾರ್ಕು. ತಿದ್ಕೋ" ಅನ್ನುತ್ತಿದ್ದರು. ಪಾಪ ಅವರಿಗೆ ಆಮೆಯೂ ನೆನಪಿರುತ್ತಿರಲಿಲ್ಲ. ಹ್ಞೂಂ ಮಿಸ್, ಆಯ್ತು ಮಿಸ್ ಅನ್ನುತ್ತಿದ್ದರು. ಹಿಂದೆ ನಿಂತ ಜನ ನನ್ನನ್ನು ನೋಡುತ್ತಿದ್ದರು, ಈಯಮ್ಮನನ್ನು ಕರಕೊಂಡು ಬಂದವಳು ನಾನೇ ಅಂತ.

ಒಂದು ಮದುವೆಗೆ ಹೋಗಿದ್ದೆವು. ಮದುಮಗಳು ಇವರ ಹತ್ತಿರ ಓದಿದ ಹುಡುಗಿ. ಅಕ್ಷತೆ ಹಾಕಲು ಜನ ಬಾಗಿಲವರೆಗೆ ನಿಂತಿದ್ದಾರೆ. ಮಿಸ್ಸು ವೇದಿಕೆ ಹತ್ತಿದವರು ಇಳಿಯಲೇ ಒಲ್ಲರು. ಆ ಹುಡುಗಿ ಬಾಸಿಂಗ ಕಟ್ಟಿದ ತಲೆ ಅಲ್ಲಾಡಿಸುತ್ತ ಶಾರ್ಕಿನ ವಿಷಯ ಪೂರ್ತಿ ಕೇಳಿಸಿಕೊಂಡಳು. ಫೋಟೋದವನು ಅದನ್ನೂ ತೆಗೆದ.

ಅದಕ್ಕಿಂತ ಹೆಚ್ಚಿನದು ಎದುರು ಮನೆಯ ಆರತಿಯಲ್ಲಿ ಆಯಿತು. ಆ ಮನೆಯ ಹುಡುಗಿ ಮೈನೆರೆದಿದ್ದಳು. ಹಸಿರು ಸೀರೆ ಉಡಿಸಿ, ತಲೆ ತುಂಬ ಹೂ ಮುಡಿಸಿ ಕೂರಿಸಿದ್ದರು. ಮಗು ನಾಚಿಕೆಯಿಂದ ನೆಲ ನೋಡುತ್ತಿತ್ತು. ಇಷ್ಟು ಬೇಗ ಆದಳಲ್ಲ ಅಂತ ಅವಳ ಅಜ್ಜಿ ಯಾರ ಹತ್ತಿರವೋ ಪೇಚಾಡುತ್ತಿದ್ದರು. ಮಿಸ್ಸಿಗೆ ಅಷ್ಟು ಸಾಕಾಯಿತು.

"ಆ ಶಾರ್ಕು ಮೈನೆರೀಬೇಕಂದ್ರೆ ನೂರೈವತ್ತು ವರ್ಷ ಬೇಕ್ರಿ ಅಜ್ಜಿ. ಅದರ ಅಜ್ಜಿ ಎಷ್ಟು ಕಾಯಬೇಕು ಲೆಕ್ಕ ಹಾಕ್ರಿ."

ಹೆಂಗಸರೆಲ್ಲ ಆರತಿ ತಟ್ಟೆ ಹಿಡಿದುಕೊಂಡೇ ನನ್ನ ಕಡೆ ತಿರುಗಿದರು. ನನಗೆ ಅಲ್ಲೇ ನೆಲ ಬಿರಿಯಬಾರದೇ ಅನ್ನಿಸಿತು. ಆದರೆ ಆ ಹುಡುಗಿ ಫಕ್ಕನೆ ನಕ್ಕುಬಿಟ್ಟಳು. ಅವತ್ತು ಮೊದಲ ಸಲ ತಲೆ ಎತ್ತಿದ್ದು ಆಗಲೇ. ನಗಲಿ ಬಿಡು ಅಂತ ನಾನೂ ನನ್ನ ಪಾಲಿನ ಆರತಿ ಎತ್ತಿ ಬಂದೆ.

ಅಜ್ಜಯ್ಯನ ಸನ್ನಿಧಿಗೆ ಕರಕೊಂಡು ಹೋದರೆ ಬುದ್ಧಿ ಸ್ವಲ್ಪ ನೆಟ್ಟಗಾದೀತು ಅಂತ ಒಂದು ಅಮಾವಾಸ್ಯೆಗೆ ಉಕ್ಕಡಗಾತ್ರಿಗೆ ಕರಕೊಂಡು ಹೋದೆ. ನಾನು ಕರಿಬಸವೇಶ್ವರನ ಮುಂದೆ ಕಾಯಿ ಹಿಡಿದು ನಿಂತು, ಇವರ ಬಾಯಿಂದ ಮೀನು ಬಿಡಿಸಪ್ಪ ಅಂತ ಬೇಡಿಕೊಂಡೆ. ಹೊರಗೆ ಬಂದು ನೋಡಿದರೆ ಮಿಸ್ಸು ಇಲ್ಲ. ಹೊಳೆಯ ಮೆಟ್ಟಿಲ ಮೇಲೆ, ಆಗಷ್ಟೇ ಮುಳುಗಿ ಎದ್ದ ಒಬ್ಬ ಗಂಡಸನ್ನು ನಿಲ್ಲಿಸಿಕೊಂಡಿದ್ದಾರೆ. ಅವನು ಒದ್ದೆ ಪಂಚೆಯಲ್ಲಿ ನಡುಗುತ್ತ ಕೈಕಟ್ಟಿ ನಿಂತಿದ್ದಾನೆ. ಹಳೆಯ ವಿದ್ಯಾರ್ಥಿ. ಬರುವಾಗ ಬಸ್ಸಿನಲ್ಲಿ ಇಬ್ಬರಿಗೂ ಕೂರಲು ಜಾಗ ಸಿಕ್ಕಿತು. ಕೇಳಿದ್ದನ್ನು ಕೊಡದಿದ್ದರೂ ಅಜ್ಜಯ್ಯ ಅದನ್ನಾದರೂ ಕೊಟ್ಟನಲ್ಲ ಅಂದುಕೊಂಡೆ.

ಇದೆಲ್ಲ ಹೊರಗಿನ ಮಾತು. ನನಗೆ ನಿಜವಾಗಿ ತಲೆ ಕೆಟ್ಟದ್ದು ಅತ್ತೆಯ ವಿಷಯದಲ್ಲಿ.

ನಮ್ಮ ಅತ್ತೆ ಕೊಕ್ಕನೂರಿನವರು. ವಯಸ್ಸು ಎಷ್ಟು ಅಂತ ಅವರಿಗೂ ಗೊತ್ತಿಲ್ಲ, ನಮಗೂ ಗೊತ್ತಿಲ್ಲ. ಹೊಳೆ ಬಂದು ಜೋಳ ಹೋದ ವರ್ಷ ಹುಟ್ಟಿದ್ದು ಅಂತಾರೆ. ಎರಡೂ ಕಣ್ಣಿಗೆ ಪೊರೆ ಬಂದು, ಎದುರು ನಿಂತವರು ಗಂಡಸೋ ಹೆಂಗಸೋ ಅಂತ ದನಿ ಕೇಳಿ ಹೇಳುವ ಸ್ಥಿತಿಗೆ ಬಂದಿದ್ದರು. ಆದರೆ ಊಟ ತಪ್ಪಿಸಿದರೂ ಲಿಂಗಪೂಜೆ ತಪ್ಪಿಸಿದವರಲ್ಲ. ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು, ಕೊರಳಿನ ಕರಡಿಗೆಯಿಂದ ಇಷ್ಟಲಿಂಗ ತೆಗೆದು ಎಡ ಅಂಗೈ ಮೇಲೆ ಇಟ್ಟುಕೊಂಡು, ಕಣ್ಣೆವೆ ಇಕ್ಕದೆ ನೋಡುತ್ತ ಕೂರುವುದು ಅವರು ಚಿಕ್ಕಂದಿನಿಂದ ಮಾಡಿಕೊಂಡು ಬಂದ ಪೂಜೆ. ಈಗ ನೋಡಲು ಕಣ್ಣಿಲ್ಲ. ಬಲಗೈ ಬೆರಳಿನಿಂದ ತಡವಿ, ಪತ್ರೆ ಎಲ್ಲಿ ಬಿತ್ತು ಅಂತ ಹುಡುಕುತ್ತಿದ್ದರು. ಎಷ್ಟೋ ಸಲ ಪತ್ರೆ ತೊಡೆಯ ಮೇಲೆ ಬಿದ್ದಿರುತ್ತಿತ್ತು. ನಾನು ಸದ್ದಿಲ್ಲದೆ ಎತ್ತಿ ಅಂಗೈ ಮೇಲೆ ಇಡುತ್ತಿದ್ದೆ. ಅವರಿಗೆ ಗೊತ್ತಾಗುತ್ತಿತ್ತು.

ಆಪರೇಷನ್ ಮಾಡಿಸಿದರೆ ಕಣ್ಣು ಬರುತ್ತದೆ ಅಂತ ಡಾಕ್ಟರು ಹೇಳಿದ್ದರು. ಅತ್ತೆ ಬ್ಯಾಡ ಅಂದರು. ಮಗ ಹೇಳಿದರೂ ಬ್ಯಾಡ, ನಾನು ಹೇಳಿದರೂ ಬ್ಯಾಡ. ಯಾಕೆ ಅಂದರೆ, ನಾನೇನು ಪೇಪರ್ ಓದಬೇಕಾ ಅನ್ನುವುದು, ಅಷ್ಟೇ. ಹೆದರಿಕೆ ಇರಬೇಕು ಅಂತ ನಾವು ಅಂದುಕೊಂಡೆವು.

ಅದೇ ಹೊತ್ತಿಗೆ ಮಿಸ್ಸು ಸಂಜೆ ಹೊತ್ತು ಅತ್ತೆಯ ಪಕ್ಕ ಕೂರಲು ಶುರು ಮಾಡಿದರು. ಅತ್ತೆ ತಡವಿ ತಡವಿ ಅವರೆಕಾಯಿ ಸುಲಿಯುವುದು, ಇವರು ಮೀನಿನ ಕಥೆ ಹೇಳುವುದು. ಅದು ನಾವು ನಡೆಯುವುದಕ್ಕಿಂತ ನಿಧಾನ ಈಜುತ್ತದೆ. ಮೇಲೆ ಮಂಜು, ಕೆಳಗೆ ಕತ್ತಲೆ. ಕಣ್ಣಿನ ಗುಡ್ಡೆಗೆ ಒಂದು ಹುಳ ಕಚ್ಚಿಕೊಂಡು ದಾರದ ಹಾಗೆ ನೇತಾಡುತ್ತಿರುತ್ತದೆ. ಅದರಿಂದ ಕಣ್ಣು ಕಾಣುವುದಿಲ್ಲ. ಆದರೂ ನಾನೂರು ವರ್ಷ.

ಅಡುಗೆಮನೆಯಿಂದ ಕೇಳಿಸಿಕೊಂಡು, ಶಿವನೇ ಹುಳದ ಮಾತು ಊಟಕ್ಕೆ ಮುಂಚೆ ಅಂತ ಗೊಣಗಿದೆನೇ ಹೊರತು ಮುಂದಿನದು ನನಗೆ ಹೊಳೆಯಲಿಲ್ಲ. ಮಾರನೆಯ ದಿನ ನಮ್ಮ ಮನೆಯವರು ಮಂಡಿಪೇಟೆ ಅಂಗಡಿಗೆ ಹೊರಡುವ ಮುಂಚೆ ಆಪರೇಷನ್ ಮಾತು ಎತ್ತಿದರು. ಅತ್ತೆ ಯಾವತ್ತೂ ಇಲ್ಲದ ಗೆಲುವಿನಿಂದ ಉತ್ತರ ಕೊಟ್ಟರು.

"ಆ ಮೀನಿಗೆ ಕಣ್ಣಿಲ್ಲ, ನಾನೂರು ವರ್ಷ ಬದುಕ್ತೈತೆ. ನನಗ್ಯಾಕ ಬೇಕು ಕಣ್ಣು?"

ಮಗ ಚಪ್ಪಲಿ ಹಾಕಿಕೊಂಡು ನಡೆದರು. ನಾನು ಮಾತ್ರ ನೆಟ್ಟಗೆ ಮೆಟ್ಟಿಲು ಹತ್ತಿದೆ. ನಿಮ್ಮ ಮೀನು ನಮ್ಮ ಅತ್ತೆಯ ಕಣ್ಣು ತಿಂತು ಮಿಸ್, ಇಷ್ಟು ದಿನ ಬ್ಯಾಡ ಅನ್ನಲಿಕ್ಕೆ ಅವರ ಹತ್ತಿರ ಕಾರಣ ಇರಲಿಲ್ಲ, ಈಗ ನೀವೇ ಕಟ್ಟಿಕೊಟ್ಟಿರಿ ಅಂತ ಬಾಯಿಗೆ ಬಂದದ್ದೆಲ್ಲ ಅಂದೆ. ಅವರು ಅಂಗೈ ಉಜ್ಜಿಕೊಳ್ಳುತ್ತ ನಿಂತಿದ್ದರು. ಅವರು ಸುಮ್ಮನಿದ್ದದ್ದನ್ನು ನಾನು ನೋಡಿದ್ದು ಅದೊಂದೇ ಸಲ.

ಕೆಲವು ವಾರ ಅವರು ಕೆಳಗೆ ಬರಲಿಲ್ಲ. ಮನೆ ತಣ್ಣಗಿತ್ತು. ಆಮೇಲೆ ಒಂದು ಮಧ್ಯಾಹ್ನ ಮೆಟ್ಟಿಲ ಮೇಲೆ ದಡದಡ ಸದ್ದು. ಮಿಸ್ಸು ಚಪ್ಪಲಿ ಕೂಡ ಬಿಡದೆ ಒಳಗೆ ಬಂದು ಅತ್ತೆಯ ಮುಂದೆ ಕೂತರು. ಚಪ್ಪಲಿ ಅಂದೆ, ಕೇಳಿಸಲಿಲ್ಲ.

"ಅಮ್ಮಾ, ನಾನು ತಪ್ಪು ಹೇಳಿದ್ದೆ. ಆ ಮೀನಿಗೆ ಕಣ್ಣು ಕಾಣ್ತೈತೆ ಅಂತ ಈಗ ಹೇಳ್ತಾರೆ. ಅಷ್ಟು ವಯಸ್ಸಾದ್ರೂ, ಹುಳ ಇದ್ರೂ, ಒಳಗೆ ಕಣ್ಣು ಕೆಟ್ಟಿರಂಗಿಲ್ಲವಂತೆ. ತಿದ್ಕೊಳ್ರಿ."

ಅತ್ತೆ ಅವರೆಕಾಯಿ ಕೆಳಗಿಟ್ಟರು. ನಾನು ಇನ್ನೇನು ಹೊಸ ಕಾರಣ ಹುಡುಕುತ್ತಾರೋ ಅಂತ ಬಾಗಿಲಲ್ಲೇ ನಿಂತೆ. ಕೊನೆಗೆ ಕೊರಳಿನ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡು ಹೇಳಿದರು.

"ಕಣ್ಣು ಯಾರಿಗೆ ಬ್ಯಾಡ ತಾಯಿ? ಆಸ್ಪತ್ರ್ಯಾಗ ಇದನ್ನ ತೆಗೆಸ್ತಾರೆ. ನಮ್ಮೂರಿನಾಕಿ ಒಬ್ಬಾಕಿಗೆ ಬಳೆ ಜೊತೆಗೆ ಇದನ್ನೂ ಬಿಚ್ಚಿಸಿ ತಟ್ಟ್ಯಾಗ ಹಾಕಿದ್ರಂತೆ. ಇದು ಮೈ ಬಿಟ್ಟ ಮ್ಯಾಲೆ ನಾನು ಎದ್ದರೂ ಹೆಣ."

ಒಂದೇ ಮನೆಯಲ್ಲಿ ಇಷ್ಟು ವರ್ಷ ಇದ್ದೇನೆ, ಬೀಳುವ ಪತ್ರೆ ಎತ್ತಿ ಕೊಟ್ಟಿದ್ದೇನೆ, ನನಗೆ ಇದು ಹೊಳೆದಿರಲಿಲ್ಲ. ಮಗನಿಗೂ ಹೊಳೆದಿರಲಿಲ್ಲ. ಅತ್ತೆಯೂ ನಮಗೆ ಹೇಳಲಿಲ್ಲ, ಮೀನಿನವರಿಗೆ ಹೇಳಿದರು. ಕೋಪ ಬರಬೇಕೋ ಸಂತೋಷ ಪಡಬೇಕೋ ಅಂತ ಯೋಚನೆ ಮಾಡುವಷ್ಟರಲ್ಲಿ ಮಿಸ್ಸು ಎದ್ದು, ಅಂಗೈ ಕೊಡವಿ, ಯಾವಾಗ ಹೋಗೋಣ ಅಂದರು. ಅವರನ್ನು ಯಾರೂ ಕರೆದಿರಲಿಲ್ಲ.

ಆಸ್ಪತ್ರೆಯಲ್ಲಿ ಅತ್ತೆ ಹೇಳಿದ ಹಾಗೇ ಆಯಿತು. ಆಪರೇಷನ್ ದಿನ ನರ್ಸು ಹಸಿರು ಗೌನು ತಂದುಕೊಟ್ಟು, ಮೈಮೇಲಿನದೆಲ್ಲ ತೆಗೀಬೇಕು ಅಂದಳು. ಅತ್ತೆಯ ಕೈ ಕೊರಳಿಗೆ ಹೋಯಿತು. ಮಿಸ್ಸು ನರ್ಸಿನ ಮುಖ ನೋಡಿದರು. ನನಗೆ ಆ ನೋಟ ಗೊತ್ತಿತ್ತು. ಇಲ್ಲಿ ಬೇಡಪ್ಪ ದೇವರೇ ಅಂದುಕೊಳ್ಳುವಷ್ಟರಲ್ಲಿ ಆಗಿಹೋಗಿತ್ತು. ಹರಿಹರದಲ್ಲಿ ಓದಿದವಳಲ್ಲವಾ, ಆಮೆ ಅಂತ ಹೇಳಿದ್ದೆನಲ್ಲ, ತಿದ್ಕೋ. ಆ ಹುಡುಗಿ ಗೌನು ಹಿಡಿದುಕೊಂಡೇ ಶಾರ್ಕು ಮಿಸ್, ಸರಿ ಮಿಸ್ ಅಂದಳು. ಅವಳ ದನಿ ಎಂಟನೇ ಕ್ಲಾಸಿನ ದನಿಯಾಗಿತ್ತು. ಆಗ ಮಿಸ್ಸು ಲಿಂಗದ ಮಾತು ತೆಗೆದರು. ಅದು ನನ್ನ ಕೈಯಲ್ಲಿ ಇಲ್ಲ ಮಿಸ್, ಡಾಕ್ಟರನ್ನೇ ಕೇಳಬೇಕು ಅಂತ ಅವಳೇ ಒಳಗೆ ಕರಕೊಂಡು ಹೋದಳು.

ಡಾಕ್ಟರು ಇವರ ಹತ್ತಿರ ಓದಿದವರಲ್ಲ, ಬೇರೆ ಊರಿನವರು. ಒಳ್ಳೆಯ ಮಾತಿನಿಂದಲೇ ಶುದ್ಧತೆಯ ವಿಷಯ ಹೇಳಿದರು, ಕಣ್ಣಿನ ಹತ್ತಿರ ಏನೂ ಇರಬಾರದು ಅಂದರು. ಮಿಸ್ಸು ಬಿಡಲಿಲ್ಲ. ಪ್ರಶ್ನೆ ಮೇಲೆ ಪ್ರಶ್ನೆ. ಕೊರಳಲ್ಲಿ ಬೇಡ, ಸರಿ. ಅಂಗೈಯಲ್ಲಿ ಇದ್ದರೆ? ಕೈ ಸೊಂಟದ ಹತ್ತಿರ ಇದ್ದರೆ? ಮೇಲೆ ಬಟ್ಟೆ ಹೊದಿಸಿದರೆ? ನಡುವೆ ಆ ಮೀನಿನ ಕಣ್ಣೂ ಬಂದುಹೋಯಿತು. ಹೊರಗೆ ಬೇರೆ ರೋಗಿಗಳು ಕಾಯುತ್ತಿದ್ದರು. ಡಾಕ್ಟರು ಗಡಿಯಾರ ನೋಡಿದರು. ನಾನೂ ನೋಡಿದೆ. ಕೊನೆಗೆ ಮಿಸ್ಸು ಸೆರಗಿನೊಳಗೆ ಕೈ ಹಾಕಿ, ಸವೆದ ಒಂದು ಬೆಳ್ಳಿ ಕರಡಿಗೆಯನ್ನು ಈಚೆ ತೆಗೆದರು.

"ನನ್ನ ಕೊರಳಾಗೂ ಐತ್ರಿ ಡಾಕ್ಟ್ರೆ. ಬಿಚ್ಚು ಅಂದ್ರೆ ನಾನೂ ಕುರುಡಿಯಾಗೇ ಮನೀಗೆ ಹೋಗ್ತಿದ್ದೆ."

ನಾನು ಬೆಪ್ಪಾಗಿ ನೋಡಿದೆ. ಒಂದೇ ಸೂರಿನ ಕೆಳಗೆ ಇದ್ದು, ಇವರಿಗೆ ಮೀನೊಂದೇ ದೇವರು ಅಂತ ತಿಳಿದಿದ್ದೆ.

ಡಾಕ್ಟರು ಸೋತರೋ, ಒಪ್ಪಿದರೋ, ಅಂತೂ ದಾರಿ ಹೇಳಿದರು. ಲಿಂಗವನ್ನು ಶುದ್ಧವಾದ ಕವರಿನಲ್ಲಿ ಇಟ್ಟು, ಮುಷ್ಟಿಯಲ್ಲಿ ಕೊಟ್ಟು, ಮೇಲೆ ಗ್ಲೌಸ್ ಹಾಕಿ, ಕೈಯನ್ನು ಬಟ್ಟೆಯ ಕೆಳಗೆ ಕಟ್ಟುವುದು. ಕೈ ಅಲ್ಲಾಡಿಸಬಾರದು. ಅತ್ತೆ ಅಲ್ಲಾಡಿಸಲಿಲ್ಲ. ಒಳಗಿದ್ದಷ್ಟು ಹೊತ್ತೂ ಕಲ್ಲಿನ ಹಾಗೆ ಮಲಗಿದ್ದರು ಅಂತ ಆ ನರ್ಸು ಬಂದು ಹೇಳಿದಳು.

ಅಷ್ಟಕ್ಕೆ ಮುಗಿಯಿತಾ? ಇಲ್ಲ. ಡಾಕ್ಟರು ಹೊರಗೆ ಬಂದ ಕೂಡಲೇ ಮಿಸ್ಸು ಎದ್ದು ನಿಂತು, ತೆಗೆದ ಲೆನ್ಸನ್ನು ನಮಗೆ ಕೊಡ್ರಿ ಅಂದರು. ಆ ಮೀನಿನ ವಯಸ್ಸು ಗೊತ್ತಾಗಿದ್ದೇ ಅದರ ಕಣ್ಣಿನ ಲೆನ್ಸಿನಿಂದಂತೆ, ಅದರ ನಟ್ಟನಡುವೆ ಹುಟ್ಟುವ ಮುಂಚೆ ಆದ ಭಾಗ ಹಾಗೇ ಉಳಿದಿರುತ್ತದಂತೆ. ನಮ್ಮ ಅತ್ತೆಯ ವಯಸ್ಸು ಯಾರಿಗೂ ಗೊತ್ತಿಲ್ಲವಲ್ಲ, ಯಾರಿಗಾದರೂ ತೋರಿಸೋಣ ಅಂತ. ಡಾಕ್ಟರು ನಕ್ಕುಬಿಟ್ಟರು. ಅದನ್ನು ಒಳಗೇ ಪುಡಿ ಮಾಡಿ ಹೀರಿ ತೆಗೀತೀವಿ, ಕೊಡಲಿಕ್ಕೆ ಏನೂ ಇರೋದಿಲ್ಲ ಅಂದರು. ಮಿಸ್ಸು ಆಟೋದಲ್ಲಿ ಮನೆಯವರೆಗೂ ಅದನ್ನೇ ಹೇಳಿಕೊಂಡು ಬಂದರು. ಹುಟ್ಟಿದಾಗಿನಿಂದ ಇದ್ದದ್ದು, ಹಂಗೆ ಹೀರಿ ಹಾಕಿದ್ರಲ್ಲ ತಂಗೀ. ಅತ್ತೆಗೆ ಕಣ್ಣು ಬರುತ್ತದೆ ಅನ್ನುವ ಸಂತೋಷಕ್ಕಿಂತ ಆ ಲೆನ್ಸು ಹೋಯಿತು ಅನ್ನುವ ಸಂಕಟವೇ ಹೆಚ್ಚು. ಎಂಥ ಜೀವ ಅಂತ ನಾನು ಹಣೆ ಹಣೆ ಚಚ್ಚಿಕೊಂಡೆ.

ಮಾರನೆಯ ದಿನ ಆಸ್ಪತ್ರೆಯಲ್ಲಿ ಕಣ್ಣಿನ ಪಟ್ಟಿ ಬಿಚ್ಚಿದರು. ಮನೆಗೆ ಬಂದು, ಅತ್ತೆ ಯಾರ ಮುಖವನ್ನೂ ನೋಡಲಿಲ್ಲ. ಮಗನ ಮುಖವನ್ನೂ ನೋಡಲಿಲ್ಲ. ತಲೆ ತಗ್ಗಿಸಿಕೊಂಡು ದೇವರ ಕೋಣೆಗೆ ಹೋಗಿ, ಲಿಂಗವನ್ನು ಅಂಗೈ ಮೇಲೆ ಇಟ್ಟುಕೊಂಡು ಕೂತರು. ಕಣ್ಣೆವೆ ಇಕ್ಕದೆ ನೋಡಿದರು. ಎಷ್ಟು ಕಪ್ಪಗೆ ಹೊಳೀತಾನೆ ಅಂತ ಒಂದೇ ಮಾತು ಅಂದರು. ಪತ್ರೆಯನ್ನು ಅವರೇ ಏರಿಸಿದರು. ಅವತ್ತು ನಾನು ಎತ್ತಿಕೊಡಬೇಕಾಗಿ ಬರಲಿಲ್ಲ. ಆಮೇಲೆ ಬಾಗಿಲಲ್ಲಿ ನಿಂತಿದ್ದ ಮಿಸ್ಸನ್ನು ನೋಡಿ, ಇಷ್ಟೇ ಆಳೇನು ನೀನು, ದನಿ ಕೇಳಿ ಯಾರೋ ದೊಡ್ಡ ಹೆಂಗಸು ಅನ್ಕೊಂಡಿದ್ದೆ ಅಂದರು.

ಇಷ್ಟು ಮಾಡಿದವರು ಸ್ವಲ್ಪ ನಿಧಾನವಾಗಿ ಹೋಗಬಹುದಿತ್ತು. ಆ ಮೀನು ಮೆಲ್ಲಗೆ ಹೋಗ್ತೈತೆ, ಅದಕ್ಕೇ ಬಹಳ ದಿನ ಇರ್ತೈತೆ ಅಂತ ನನಗೆ ಬುದ್ಧಿ ಹೇಳುತ್ತಿದ್ದವರು, ತಾವು ಮಾತ್ರ ಯಾವತ್ತೂ ನಡೆದವರಲ್ಲ, ಓಡಿದವರು. ಹೋದ ತಿಂಗಳು ಒಂದು ಬೆಳಿಗ್ಗೆ ಹರಿಹರಕ್ಕೆ ಅಂತ ಹೊರಟರು. ಶಾವಿಗೆ ಬಸಿದಿದ್ದೇನೆ, ಒಂದು ತುತ್ತು ತಿಂದು ಹೋಗ್ರಿ ಅಂದೆ. ಬಂದು ತಿಂತೀನಿ ತಂಗೀ ಅಂದರು. ಹೊರಟ ಬಸ್ಸಿನ ಹಿಂದೆ ಓಡಿದರಂತೆ. ಬಸ್ಸು ನಿಂತಿತು, ಹತ್ತಿ ಕೂತರು, ಅಲ್ಲೇ ಒರಗಿದರಂತೆ. ಯಾರನ್ನು ತಿದ್ದಲು ಹೊರಟಿದ್ದರೋ ಗೊತ್ತಿಲ್ಲ. ನರಳಲಿಲ್ಲ, ಯಾರ ಕೈಯಲ್ಲೂ ಮಾಡಿಸಿಕೊಳ್ಳಲಿಲ್ಲ, ಕೂರಲು ಸೀಟಾದರೂ ಸಿಕ್ಕಿತ್ತು. ನಾನು ದೇವರಿಗೆ ಅಷ್ಟಕ್ಕೇ ಕೈಮುಗಿದೆ. ಶಾವಿಗೆಯನ್ನು ಮಾತ್ರ ಅವತ್ತು ಯಾರಿಗೂ ಬಡಿಸಲಾಗಲಿಲ್ಲ.

ಶಿವಗಣಾರಾಧನೆಯನ್ನು ಅವರ ತಮ್ಮ ನಮ್ಮ ಮನೆಯ ಮುಂದೆಯೇ ಪೆಂಡಾಲು ಹಾಕಿಸಿ ಮಾಡಿದರು. ಹಳೆಯ ವಿದ್ಯಾರ್ಥಿಗಳು ಬಂದರು, ಬಂದರು, ಎಲೆ ಸಾಲದಷ್ಟು ಜನ ಬಂದರು. ಬ್ಯಾಂಕಿನವನು, ಆಟೋದವನು, ಆಸ್ಪತ್ರೆಯ ನರ್ಸು, ಆ ಮದುಮಗಳು ಈಗ ತುಂಬಿದ ಬಸುರಿ. ಫೋಟೋಕ್ಕೆ ಹೂ ಹಾಕಿ, ನನ್ನ ಹತ್ತಿರ ಬಂದು, ನನಗೂ ಶಾರ್ಕು ಹೇಳಿದ್ರು ಅಂತ ಕಣ್ಣೊರೆಸಿಕೊಂಡು ನಗುತ್ತಿದ್ದರು. ಅನ್ನ ಖಾಲಿಯಾಗುತ್ತದೆ ಅಂತ ನಾನು ಒದ್ದಾಡುತ್ತಿದ್ದೆ, ಕೊನೆಯ ಪಂಕ್ತಿಯವರೆಗೂ ಬಂತು ಅಂತ ಸಮಾಧಾನವಾಯಿತು.

ಎಲ್ಲ ಮುಗಿದು, ಎಲೆ ತೆಗೆಯುವ ಹೊತ್ತಿಗೆ ಹರಿಹರದಿಂದ ಒಬ್ಬ ಹೆಂಗಸು ಬಂದಳು. ತಲೆ ನರೆತಿತ್ತು. ಮಿಸ್ಸಿನ ಮೊದಲ ವರ್ಷಗಳ ವಿದ್ಯಾರ್ಥಿನಿ ಇರಬೇಕು. ಸುದ್ದಿ ತಡವಾಗಿ ಗೊತ್ತಾಯಿತಂತೆ. ಅತ್ತೆಯ ಪಕ್ಕ ಕೂತು ಬಿಕ್ಕಿ ಬಿಕ್ಕಿ ಅತ್ತಳು. ನಾನು ನೀರು ತಂದುಕೊಟ್ಟೆ.

"ನಾನು ಓದಿದ್ದೆಲ್ಲ ಮರೆತೀನ್ರಿ ಅಕ್ಕಾ. ಮಿಸ್ಸು ಹೇಳಿದ್ದು ಒಂದು ಮಾತ್ರ ತಲ್ಯಾಗ ಕೂತೈತೆ. ಎಲ್ಲಕ್ಕಿಂತ ಹೆಚ್ಚು ಬದುಕೋದು ಆಮೆ ಅಂತ. ನನ್ನ ಮಕ್ಕಳಿಗೂ ಅದನ್ನೇ ಹೇಳಿಕೊಟ್ಟೀನಿ."

ಅಳುತ್ತಿರುವವಳ ಮುಂದೆ ಮೀನಿನ ಮಾತು ಆಡುವುದೇ? ಸತ್ತವರ ಮನೆ, ಇನ್ನೂ ಎಲೆ ತೆಗೆದಿಲ್ಲ. ಆಡಬಾರದು ಅಂತ ತುಟಿ ಬಿಗಿ ಹಿಡಿದೆ. ಅವಳು ಫೋಟೋಕ್ಕೆ ಕೈಮುಗಿದು ಎದ್ದಳು. ಗೇಟಿನವರೆಗೂ ಹೋದಳು. ನನಗೆ ತಡೆಯಲಾಗಲಿಲ್ಲ. ಕೈಗೆ ಹತ್ತಿದ್ದ ಅನ್ನದ ಅಗಳು ಕೊಡವಿಕೊಂಡು ಹಿಂದೆಯೇ ಹೋದೆ.

"ಅದು ಆಮೆ ಅಲ್ಲಮ್ಮಾ, ಶಾರ್ಕು. ಮಿಸ್ಸೇ ಹೇಳಿದ್ರು. ತಿದ್ಕೋ."

ಅವಳು ಕಣ್ಣಗಲಿಸಿ ನೋಡಿದಳು. ಹಿಂದಿನಿಂದ ಅತ್ತೆ ಕೂಗಿ ಹೇಳಿದರು.

"ಕಣ್ಣೂ ಕಾಣ್ತೈತೆ ಅಂತ ಹೇಳು."